18ನೇ ತಾರೀಕಿನ ನಂತರದ ಪುಟಗಳು

ಮಾದಾಪುರ
ಮಾರ್ಚ್ 24

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಹೊಸ ಕೆಲಸ, ಮನೆ ಬದಲಿಸುವ ಯೋಚನೆ, ಅಮ್ಮನ ಮಂಡಿನೋವು, ಎಲ್ಲಕ್ಕೂ ಉತ್ತರ ಬರೆಯಬೇಕು. ಬರೆಯುತ್ತೇನೆ, ಆದರೆ ಇವತ್ತಲ್ಲ. ಹೊರಟವರು ಹೊಸಿಲ ಬಳಿ ನಿಂತು ನೆನಪಾದಂತೆ ಹೇಳುವ ಮಾತಿನ ಹಾಗೆ ನೀನು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯೆ: “ಈ ತಿಂಗಳು 18ನೇ ತಾರೀಕಿನ ನಂತರ ಖರ್ಚು ಬರೆಯುವ ಪ್ಲಾನರ್ ತೆರೆದೇ ಇಲ್ಲ ದೊಡ್ಡಮ್ಮ, ತೆರೆಯಲು ಭಯವಾಗುತ್ತದೆ.” ಎರಡು ರಾತ್ರಿಯಿಂದ ಆ ಸಾಲು ನನಗೆ ನಿದ್ದೆ ಕೊಟ್ಟಿಲ್ಲ.

ಖರ್ಚು ಕೈಮೀರಿತು ಎಂದು ಬರೆದಿದ್ದರೆ ನನಗೆ ಇಷ್ಟು ಕಳವಳವಾಗುತ್ತಿರಲಿಲ್ಲ. ಬೆಂಗಳೂರಿನ ಬಾಡಿಗೆ, ಓಡಾಟ, ಒಬ್ಬಳೇ ಇರುವ ಹುಡುಗಿ. ಒಂದು ತಿಂಗಳು ಹೆಚ್ಚಾಗುತ್ತದೆ, ಇನ್ನೊಂದು ತಿಂಗಳು ಸರಿಹೋಗುತ್ತದೆ. ಆದರೆ ನೀನು ಬರೆದದ್ದು ತೆರೆಯುವ ಭಯದ ವಿಷಯ. ಆ ಭಯದ ಗುರುತು ನನಗೆ ಚೆನ್ನಾಗಿದೆ.

ಹುತ್ತರಿಗೆ ಬಂದಿದ್ದಾಗ ಜಗಲಿಯಲ್ಲಿ ಕುಳಿತು ಟ್ಯಾಬ್ಲೆಟ್‌ನಲ್ಲಿ ಆ ಪ್ಲಾನರ್ ತೋರಿಸಿದ್ದೆಯಲ್ಲ. ಬದಿಯಲ್ಲಿ ಹನ್ನೆರಡು ತಿಂಗಳ ಹೆಸರು, ಮುಟ್ಟಿದರೆ ಆ ತಿಂಗಳ ಪುಟ. ಬಾಡಿಗೆಗೆ ನೀಲಿ, ದಿನಸಿಗೆ ಹಸಿರು, ಸಾಲಕ್ಕೆ ಕೆಂಪು. ಮುತ್ತಿನಂಥ ಅಕ್ಷರದಲ್ಲಿ ಪೆನ್ನು ಹಿಡಿದು ಬರೆಯುತ್ತಿದ್ದೆ. ಇದು ತಾನಾಗಿಯೇ ಕೂಡುತ್ತದೆಯೇ ಎಂದು ನಾನು ಕೇಳಿದೆ. ಇಲ್ಲ, ಇದು ಪಿಡಿಎಫ್ ಪುಟ, ಎಕ್ಸೆಲ್ ಅಲ್ಲ, ಬರೆಯುವುದೂ ಕೂಡುವುದೂ ನಾನೇ ಎಂದೆ. ಆಗ ನನಗೆ ಬಹಳ ಸಂತೋಷವಾಗಿತ್ತು. ಕೈಯಾರೆ ಬರೆದ ಖರ್ಚು ಮನಸ್ಸಿಗೂ ತಾಗುತ್ತದೆ ಎಂದುಕೊಂಡಿದ್ದೆ. ಈಗ ಅದೇ ಸಂಗತಿ ನನ್ನನ್ನು ಯೋಚನೆಗೆ ಹಚ್ಚಿದೆ. ತಾನಾಗಿ ಕೂಡದ ಪುಸ್ತಕವನ್ನು ನಾವು ತೆರೆಯದೆ ಹೋದರೆ ಅದು ಸುಮ್ಮನೆ ಬಿದ್ದಿರುತ್ತದೆ. ಕರೆಯುವುದಿಲ್ಲ, ಬೈಯುವುದಿಲ್ಲ. ಎಷ್ಟು ದಿನ ಬೇಕಾದರೂ ಕಾಯುತ್ತದೆ.

ಕೆಳಗಿನ ತೋಟ ಸಾಲಕ್ಕೆ ಹೋದ ಕಥೆ ನಿನಗೆ ಗೊತ್ತು. ಅಣ್ಣತಮ್ಮಂದಿರ ನಡುವೆ ಆಮೇಲೆ ಏನಾಯಿತೆಂಬುದೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ದೊಡ್ಡಪ್ಪನ ಕೈ ಸಡಿಲವಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ನಿನ್ನ ಅಪ್ಪನೂ ಹಾಗೆಯೇ ನಂಬಿದ್ದಾರೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಆ ಮಾತು ಬಂದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿದ್ದೇನೆ. ಯಾರಿಗೂ ಹೇಳದ ಒಂದು ವಿಷಯವನ್ನು ನಿನಗೆ ಹೇಳುತ್ತೇನೆ. ಆ ಮನೆಯ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಾಫಿಯನ್ನು, ಎಲ್ಲರದನ್ನೂ ಒಟ್ಟು ಸೇರಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು, ತಡವಾಗಿಯೂ ಬರುತ್ತಿತ್ತು. ಗೊಣಗುತ್ತಿದ್ದೆವು, ಆದರೆ ಖರ್ಚು ಆ ಕಂತಿನ ಅಳತೆಯಲ್ಲೇ ಇರುತ್ತಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡ ಸುಟ್ಟುಹೋದಾಗ ಇಲ್ಲಿ ಬೆಲೆ ಏರಿತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಪೂರ್ತಿ ಕಾಫಿಯನ್ನು ತಾವೇ ಮಾರಬಹುದು ಎಂದಾಯಿತು. ವರ್ಷದ ಹಣ ಒಂದೇ ಸಲ ಕೈಗೆ ಬಂದದ್ದು ಆಗಲೇ. ಆಗ ನಾನು ಉದ್ದನೆಯ ರಟ್ಟಿನ ಪುಸ್ತಕ ತಂದು ಬರೆಯಲು ಕುಳಿತೆ. ಗೊಬ್ಬರ, ಗಿಡ ಸವರುವ ಕಪಾತು, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ, ಮಳೆಗೆ ಮೊದಲು ರೋಗ ತಡೆಯುವ ಬೋರ್ಡೋ ಸಿಂಪಡಣೆ, ಆಳುಗಳ ಹಾಜರಿ ಕೂಲಿಯ ವಾರದ ಚೆಕ್‌ರೋಲ್, ಮನೆಖರ್ಚು. ಆ ವರ್ಷಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಪುಸ್ತಕ ತೆರೆಯುವುದೆಂದರೆ ನನಗೆ ಹಬ್ಬ. ನಿನ್ನ ಹಸಿರು ನೀಲಿ ಕಂಡಾಗ ಅದೇ ನೆನಪಾಗಿತ್ತು.

ಆಮೇಲೆ ಬೆಲೆ ಇಳಿಯುತ್ತಾ ಹೋಯಿತು. 2001ರ ಕೊಯ್ಲಿನ ಹೊತ್ತಿಗೆ ಹಣ್ಣು ಕೊಯ್ದ ಕೂಲಿಯೂ ಹುಟ್ಟುತ್ತದೋ ಇಲ್ಲವೋ ಎಂಬ ಸ್ಥಿತಿ. ಕಾಫಿ ಕೊಳ್ಳುವವರಿಂದ ಮುಂಗಡ ತಂದಿದ್ದೆವು, ಅದಕ್ಕೆ ಬಡ್ಡಿ. ನವೆಂಬರ್ 14ರ ಸಂಜೆ ಒಂದು ಪುಟ ಮುಗಿಯಿತು. ಕೂಡಿ, ಮೊತ್ತವನ್ನು ಮುಂದಿನ ಪುಟದ ತಲೆಗೆ ಬರೆಯಬೇಕಿತ್ತು. ನಾನು ಕೂಡಲಿಲ್ಲ. ನಾಳೆ ನೋಡೋಣ ಎಂದು ಮುಚ್ಚಿದೆ. ಆ ನಾಳೆ ಬರಲೇ ಇಲ್ಲ. ವಾರ ಕಳೆದ ಮೇಲೆ ಪುಸ್ತಕವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ದೊಡ್ಡಪ್ಪ ಕೇಳುತ್ತಿದ್ದರು, ಎಷ್ಟಾಯಿತು ಎಂದು. ಇನ್ನೂ ಕೂಡಿಲ್ಲ ಎನ್ನುತ್ತಿದ್ದೆ. ನನ್ನ ಮುಖದಲ್ಲಿ ಗಾಬರಿ ಕಾಣದಿದ್ದುದರಿಂದ ಅಷ್ಟೇನೂ ಆಗಿಲ್ಲ ಎಂದುಕೊಂಡರು. ಮರುವರ್ಷ ಕಾಫಿ ಹೂ ಅರಳಿಸುವ ಹೂಮಳೆ ತಡವಾದಾಗ ಬಾಡಿಗೆ ಸ್ಪ್ರಿಂಕ್ಲರ್ ತರಿಸಿ ರೋಬಸ್ಟಾ ಕಾಫಿಗೆ ನೀರು ಹಾಯಿಸಿದರು, ಅದಕ್ಕೆ ಇನ್ನೊಂದು ಮುಂಗಡ ತಂದರು. ಲೆಕ್ಕ ಗೊತ್ತಿದ್ದರೆ ತರುತ್ತಿರಲಿಲ್ಲ. ಎರಡು ಕೊಯ್ಲು ಕಳೆದ ಮೇಲೆ ಸಾಲ ಕೊಟ್ಟವರು ತಮ್ಮ ಪುಸ್ತಕ ಹಿಡಿದು ಅಂಗಳಕ್ಕೆ ಬಂದರು. ನಮ್ಮ ಪುಸ್ತಕ ಮುಚ್ಚಿತ್ತು, ಅವರದು ಒಂದು ದಿನವೂ ಮುಚ್ಚಿರಲಿಲ್ಲ.

ಪುಟ್ಟಿ, 18ರ ನಂತರ ನಿನ್ನ ಪ್ಲಾನರ್ ಖಾಲಿ ಇರಬಹುದು, ಕ್ರೆಡಿಟ್ ಕಾರ್ಡಿನವರ ಲೆಕ್ಕ ಖಾಲಿ ಇಲ್ಲ. ಕಳೆದ ಬಿಲ್‌ಗೆ ಕನಿಷ್ಠ ಮೊತ್ತ ಮಾತ್ರ ಕಟ್ಟಿದ್ದೇನೆ ಎಂದು ಬರೆದಿದ್ದೀಯೆ. ನನಗೆ ಇದೆಲ್ಲ ತಿಳಿಯದು, ಬ್ಯಾಂಕಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹುಡುಗನನ್ನು ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಕನಿಷ್ಠ ಮೊತ್ತ ಕಟ್ಟಿದರೆ ತಡಮಾಡಿದ ದಂಡ ಮಾತ್ರ ತಪ್ಪುತ್ತದೆಯಂತೆ. ಉಳಿದದ್ದಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ, ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ಹಲವು ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇ 3ಕ್ಕೂ ಹೆಚ್ಚಂತೆ. ವರ್ಷಕ್ಕಲ್ಲ, ತಿಂಗಳಿಗೆ! ಆ ಬಾಕಿ ತೀರುವವರೆಗೆ ಕಾರ್ಡನ್ನು ಪರ್ಸಿನಿಂದ ತೆಗೆದು ಎಲ್ಲಾದರೂ ಇಡಲು ಆಗುತ್ತದೆಯೇ ನೋಡು. ಆಗದಿದ್ದರೆ ಬೇಸರ ಮಾಡಿಕೊಳ್ಳಬೇಡ, ನಿನ್ನ ಅನುಕೂಲ ನನಗಿಂತ ನಿನಗೆ ಗೊತ್ತು.

ಇನ್ನೊಂದು ಮಾತು, ತಪ್ಪಾಗಿದ್ದರೆ ಬಿಟ್ಟುಬಿಡು. ಬಿಟ್ಟುಹೋದ ದಿನಗಳನ್ನು ಒಂದೊಂದಾಗಿ, ಬಣ್ಣ ಬಣ್ಣವಾಗಿ ತುಂಬಲು ಹೋಗಬೇಡ. ಫೋನಿನಿಂದ ಕೊಟ್ಟ ಹಣದ ಪಟ್ಟಿ ಅದರಲ್ಲೇ ಇರುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ಇಟ್ಟು ನೋಡಿ, 19ರಿಂದ ಇವತ್ತಿನವರೆಗೆ ಹೋದದ್ದನ್ನು ಒಟ್ಟಿಗೆ ಒಂದೇ ಸಾಲಿನಲ್ಲಿ ಬರೆ. ಅಕ್ಷರ ಸೊಟ್ಟಗಾದರೂ ಸರಿ. ಅಂದದ ಪುಟವನ್ನು ಕೆಡಿಸಲು ಮನಸ್ಸು ಬಾರದೆಯೂ ನಾವು ಪುಸ್ತಕ ಮುಚ್ಚುತ್ತೇವೆ ಎಂದು ನನಗೆ ಅನ್ನಿಸುತ್ತದೆ. ನಿನ್ನದರಲ್ಲಿ ಖಾಲಿ ಪುಟವನ್ನು ಎಷ್ಟು ಸಲ ಬೇಕಾದರೂ ನಕಲು ಮಾಡಿಕೊಳ್ಳಬಹುದು ಎಂದಿದ್ದೆ. ಹಾಗಾದರೆ ಕೆಟ್ಟ ಪುಟದ ಭಯವೇಕೆ? ನನ್ನ ರಟ್ಟಿನ ಪುಸ್ತಕಕ್ಕೆ ಆ ಅನುಕೂಲ ಇರಲಿಲ್ಲ.

ವಿಮೆಯ ಕಂತು ಈ ತಿಂಗಳೇ ಬಂದು ಬಿತ್ತು ಎಂದೂ ಬರೆದಿದ್ದೀಯೆ. ನಮಗೆ ಆದಾಯ ವರ್ಷಕ್ಕೊಮ್ಮೆ, ಖರ್ಚು ಹನ್ನೆರಡು ತಿಂಗಳು. ಹಾಗಾಗಿ ಕಾಫಿಯ ಹಣವನ್ನು ಹನ್ನೆರಡು ಲಕೋಟೆಗೆ ಹಂಚಿಡುತ್ತಿದ್ದೆ. ನಿನ್ನದು ಅದರ ತಿರುವುಮುರುವು: ಸಂಬಳ ತಿಂಗಳು ತಿಂಗಳು, ಇಂಥ ಖರ್ಚು ವರ್ಷಕ್ಕೊಮ್ಮೆ. 12,000 ರೂಪಾಯಿಯ ಕಂತಾದರೆ ಪ್ರತಿ ತಿಂಗಳ ಪುಟದಲ್ಲೂ 1,000 ರೂಪಾಯಿಯನ್ನು ಸಂಬಳ ಬಂದ ದಿನವೇ ಅದರ ಹೆಸರಿಗೆ ಬರೆದು ಬೇರೆ ಇಟ್ಟರೆ ಮಾರ್ಚ್ ಹೀಗೆ ಬೆದರಿಸುವುದಿಲ್ಲವೇನೋ. ಇದು ನಿನಗೆ ಗೊತ್ತಿರುವುದೇ ಇರಬಹುದು.

ಹೇಳಬೇಕೆಂದದ್ದು ಇದಲ್ಲ, ಮತ್ತೆ ಅಲ್ಲಿಗೇ ಬರುತ್ತೇನೆ.

ನಿನ್ನ ಪತ್ರ ಬಂದ ಮರುದಿನ ಆ ಪುಸ್ತಕವನ್ನು ಹುಡುಕಿದೆ. ಅಟ್ಟದ ಮೇಲೆ ಟ್ರಂಕಿನಲ್ಲಿತ್ತು. ಅಂಚುಗಳನ್ನು ಹುಳು ತಿಂದಿದೆ, ಅಂಕಿಗಳು ಉಳಿದಿವೆ. ಆ ಪುಟವನ್ನು ಕೂಡಿದೆ, ಎರಡು ಸಲ ಕೂಡಿದೆ. 38,400 ರೂಪಾಯಿ. ಅಂದು ನನ್ನ ತಲೆಯಲ್ಲಿದ್ದ ಮೊತ್ತ ಒಂದು ಲಕ್ಷಕ್ಕೂ ಮೇಲಿತ್ತು. ಆ ವರ್ಷದ ಕರಿಮೆಣಸಿನ ಹಣ, ನನ್ನ ನಾಲ್ಕು ಬಳೆ, ಅಷ್ಟರಲ್ಲಿ ಮುಗಿಯುತ್ತಿತ್ತು. ಸಾಲ ಕೊಟ್ಟವರ ಪುಸ್ತಕ ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಮಾತ್ರ ಅದು ನಿಜವಾಗಿಯೂ ಲಕ್ಷ ದಾಟಿತ್ತು. ನಾನು ಹೆದರಿ ಕಲ್ಪಿಸಿಕೊಂಡ ಮೊತ್ತವನ್ನು ನನ್ನ ಮೌನವೇ ಬೆಳೆಸಿ ನಿಜ ಮಾಡಿತು. ಪುಸ್ತಕ ಮಡಿಲಲ್ಲಿಟ್ಟುಕೊಂಡು ಅಟ್ಟದ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ. ನಿನ್ನ ದೊಡ್ಡಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ. ನಿನ್ನ ಅಪ್ಪನಿಗೆ ನಾನೇ ಹೇಳುತ್ತೇನೆ, ಈ ಯುಗಾದಿಗೆ ಬಂದಾಗ. ನೀನು ಮೊದಲೇ ಹೇಳಬೇಡ.

ಹಣ ಕಡಿಮೆ ಬಿದ್ದರೆ ಕೇಳಲು ಸಂಕೋಚ ಪಡಬೇಡ. ಮೆಣಸಿನ ಹಣ ಬ್ಯಾಂಕಿನಲ್ಲಿದೆ. ಆದರೆ ಅದಕ್ಕೂ ಮೊದಲು ಆ ಪುಟ ತೆರೆ. ಒಬ್ಬಳಿಗೇ ಆಗದಿದ್ದರೆ ರಾತ್ರಿ ಫೋನ್ ಮಾಡು, ನೀನು ಅಲ್ಲಿ ಕೂಡುತ್ತಿರು, ನಾನು ಇಲ್ಲಿ ಸುಮ್ಮನೆ ಕೇಳುತ್ತಾ ಕುಳಿತಿರುತ್ತೇನೆ. ಮೊತ್ತ ಎಷ್ಟೆಂದು ನನಗೆ ಹೇಳಬೇಕಾಗಿಲ್ಲ. ತೆರೆದೆ ಎಂದು ಒಂದು ಮಾತು ಬರೆದರೆ ಸಾಕು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ದೊಡ್ಡಮ್ಮ