ಅಂದು ನಿನ್ನಿಂದ ಹೇಳಿಸಿದ ಸುಳ್ಳು

ಪ್ರೀತಿಯ ಮಗಳೇ,

ನನ್ನ ಜೊತೆ ಡಾಕ್ಟರ ಬಳಿಗೆ ಬರುವವರು ಇರುವುದಿಲ್ಲವೆಂಬ ಕಾರಣಕ್ಕೆ ದೂರದ ಊರಿನ ಕೆಲಸವನ್ನೇ ಬೇಡವೆನ್ನಲು ಹೊರಟಿದ್ದೀಯೆಂದು ತಿಳಿದು ನಿನ್ನೆ ಫೋನಿನಲ್ಲಿ ರೇಗಿಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಈ ದೇಶಕ್ಕೆ ಬಂದ ವರ್ಷ ನಿನಗೆ ಹನ್ನೊಂದು. ಡಾಕ್ಟರ ಮುಂದೆ ನನ್ನ ದುಭಾಷಿಯಾಗಿ, ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಿಪ್ಪು ಎಳೆಯುತ್ತ ಕುಳಿತಿದ್ದ ನೀನು, "ದಿನವೂ ಮಾತ್ರೆ ತಗೋತೀರಾ ಅಂತ ಕೇಳ್ತಿದಾರೆ ಅಪ್ಪ" ಎಂದೆ. ಊರಿನಿಂದ ತಂದ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೆ ಗತಿಯೇನೆಂಬ ಭಯದಿಂದ ನಾನು ದಿನ ಬಿಟ್ಟು ದಿನ ನುಂಗುತ್ತಿದ್ದುದು ನಿನಗೆ ಗೊತ್ತಿತ್ತು. "ಹೌದು ಅಂತ ಹೇಳು" ಎಂದೆ. ನನ್ನ ಮುಖವನ್ನೊಮ್ಮೆ ನೋಡಿ ಹಾಗೆಯೇ ಹೇಳಿದೆ.

ದಿನವೂ ನುಂಗಿದರೂ ಸಕ್ಕರೆ ಇಳಿದಿಲ್ಲವೆಂದು ನಂಬಿದ ಡಾಕ್ಟರು ಆ ಮಾತ್ರೆಯನ್ನು, ಅಂದರೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡನ್ನು, 2 ಮಿಲಿಗ್ರಾಮಿನಿಂದ 4ಕ್ಕೆ ಏರಿಸಿದರು. ಮಾತ್ರೆ ಇಲ್ಲಿಯೂ ಸಿಗುತ್ತದೆಂಬ ಧೈರ್ಯ ಬಂದು ನಾನು ಅದನ್ನು ಪ್ರತಿದಿನ ತೆಗೆದುಕೊಂಡೆ. ಹಾಗಾಗಿ ಮೈಗೆ ಸೇರಿದ ಔಷಧಿ ಒಮ್ಮೆಲೇ ನಾಲ್ಕು ಪಟ್ಟಾಯಿತು. ನಾಲ್ಕನೆಯ ರಾತ್ರಿ ಬೆವರಿ ನಡುಗುತ್ತಿದ್ದಾಗ ಇಲ್ಲಿನ ಮೀಟರು 2.9 ತೋರಿಸಿತು. ನೂರರ ಲೆಕ್ಕದಲ್ಲಿ ಸಕ್ಕರೆ ಓದಿ ರೂಢಿಯಾಗಿದ್ದ ನಾನು ಯಂತ್ರ ಕೆಟ್ಟಿದೆಯೆಂದುಕೊಂಡೆ. ಸಕ್ಕರೆ ನೀರು ಕುಡಿಸಿದವಳು ನೀನು. ಹದಿನೆಂಟರಿಂದ ಗುಣಿಸಿದರೆ ಹಳೆಯ ಲೆಕ್ಕದ 52, ಅಂದರೆ ತೀರಾ ಕಡಿಮೆ ಸಕ್ಕರೆ, ಆಗುತ್ತದೆಂದು ಮರುದಿನ ಬರೆದುಕೊಟ್ಟವಳೂ ನೀನೇ. ಆ ಚೀಟಿ ಇಂದಿಗೂ ಮೀಟರಿನ ಡಬ್ಬಿಯಲ್ಲಿದೆ.

ಮಗಳು ಎಷ್ಟು ಬೇಗ ಭಾಷೆ ಕಲಿತಳೆಂದು ಕಂಡವರ ಮುಂದೆಲ್ಲ ಹೆಮ್ಮೆಪಟ್ಟುಕೊಂಡೆನೇ ಹೊರತು, ಆ ಭಾಷೆಯಲ್ಲಿ ನಿನ್ನಿಂದ ಏನು ಹೇಳಿಸಿದೆನೆಂದು ಯೋಚಿಸಲಿಲ್ಲ. ಅಂದಿನಿಂದ ನೀನು ನನ್ನ ಮಾತ್ರೆ ಎಣಿಸುತ್ತಿದ್ದೀಯೆ. ಮಗಳೇ, ತಪ್ಪಾಯಿತು.

ಹೊಸ ಊರಿನಲ್ಲಿ ಮೊದಲು ಒಬ್ಬ ಡಾಕ್ಟರ ಬಳಿ ಹೆಸರು ನೋಂದಾಯಿಸು. ತೆಳ್ಳಗಿದ್ದೇನೆಂದು ಮೈಮರೆಯಬೇಡ, ಏಷ್ಯಾ ಮೂಲದವರು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟುತ್ತಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ, ನಿನಗೋ ಅಪ್ಪನ ಕಡೆಯಿಂದಲೇ ಸಕ್ಕರೆ ಕಾಯಿಲೆ ಬರುವ ಸಂಭವವಿದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸು, ಅದರಲ್ಲಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯುತ್ತದೆ. ರಾತ್ರಿಪಾಳಿ ಒಪ್ಪಿಕೊಳ್ಳಬೇಡ. ಇದನ್ನೆಲ್ಲ ಬರೆಯಬಾರದೆಂದೇ ಕುಳಿತಿದ್ದೆ.

ಮುಂದಿನ ಭೇಟಿಗೆ ಫೋನಿನಲ್ಲಿ ಮಾತನಾಡುವ ದುಭಾಷಿಯೊಬ್ಬರನ್ನು ಕೇಳಿಕೊಂಡಿದ್ದೇನೆ. ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದೆಂಬ ಸೂಚನೆಯಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಕಾಣಿಸಿಕೊಂಡಿರುವುದರ ಬಗ್ಗೆ ಡಾಕ್ಟರು ಹೇಳುವುದನ್ನು, ನನಗೆ ನೋವಾದೀತೆಂದು ಮೊಟಕು ಮಾಡದೆ, ಅವರು ಪೂರ್ತಿಯಾಗಿ ಹೇಳುತ್ತಾರೆ. ನೀನು ಕೆಲಸಕ್ಕೆ ಒಪ್ಪಿಗೆ ಕಳುಹಿಸು. ಕಳೆದ ವಾರ ಎರಡು ದಿನ ಮಾತ್ರೆ ತಪ್ಪಿಸಿದ್ದನ್ನೂ ಈ ಸಲ ಡಾಕ್ಟರಿಗೆ ತಿಳಿಸುತ್ತೇನೆ; ನಿನಗೆ ಮೊದಲು ಹೇಳಿದ್ದೇನೆ, ರೇಗಬೇಡ.

ಇಂತಿ,
ನಿನ್ನ ಅಪ್ಪ