ಚಿನ್ನಿಗೊಂದು ಪತ್ರ

ಚಿನ್ನಿಗೆ ಮಾಮಾನ ಆಶೀರ್ವಾದ.

ನಿನ್ನ ಪತ್ರ ಮೂರು ಸಲ ಓದಿದೆ. ಹಾಸ್ಟೆಲ್ ಊಟ, ಮರಾಠಿ ಕಲಿಯೋ ಪಾಡು, ಎಲ್ಲಾ ಸರಿ. ನಡುವೆ ಒಂದು ಮಾತು ಬರೆದಿದ್ದೀಯಲ್ಲ, 'ಅಜ್ಜಿ ಅಳುವಾಗ ರೆಕಾರ್ಡರ್ ಆಫ್ ಮಾಡಲಿಲ್ಲ ಮಾಮಾ, ದನಿಯ ಲೆವೆಲ್ ತಗ್ಗಿಸಿದೆ. ನಾನು ಎಂಥವಳಾಗ್ತಿದ್ದೀನಿ?' ಅಂತ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ನೀನು ಕೇಳಿದ ಆ ಮನೆಯ ಮಾತು ಬಂದರೆ ನಿನ್ನ ಅಜ್ಜಿ, ನನ್ನ ಅವ್ವ, ಅಳೋದೇ, ಅದು ಬಿಡು. ನಿನಗೆ ಹೆದರಿಕೆ ಇರೋದು ನಿನ್ನ ಕೈ ಬಗ್ಗೆ, ಅಲ್ವಾ?

ಫಾರ್ಮಸಿ ಓದಿದ್ದ ಗಿರೀಶ ಕಾಸರವಳ್ಳಿ ಪುಣೆಗೆ ಹೋಗಿ 1975ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಮುಗಿಸಿದರು. ಅದನ್ನು ಕೇಳಿ ನಾನೂ ಅರ್ಜಿ ತರಿಸಿದ್ದೆ. ತುಂಬಲಿಲ್ಲ. ಟ್ರಂಕಿನಲ್ಲಿ ಹಳದಿಯಾಯಿತು. ನೀನು ಈಗ ಅದೇ ಇನ್‌ಸ್ಟಿಟ್ಯೂಟ್ ಇರೋ ಹಳೇ ಪ್ರಭಾತ್ ಸ್ಟುಡಿಯೋದಲ್ಲಿ ಓಡಾಡ್ತಿದ್ದೀ ಅಂದರೆ ಹೊಟ್ಟೆಕಿಚ್ಚೂ ಆಗುತ್ತೆ, ಸುಳ್ಳು ಯಾಕೆ.

ಬದಲಿಗೆ ರೇಡಿಯೋದಲ್ಲಿ ಕೆಲಸ ಸಿಕ್ಕಿತು. 1978ರಲ್ಲಿ ಸವದತ್ತಿ ಕಡೆ ಒಬ್ಬ ಮುದುಕಿಯ ಬೀಸುವ ಪದ ರೆಕಾರ್ಡ್ ಮಾಡಲು ಹೋಗಿದ್ದೆ. ಹಾಡ್ತಾ ಹಾಡ್ತಾ ನಿಂತಳು. ಬೀಸುಕಲ್ಲಿನ ಗೂಟ ಬಿಡಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಡ್‌ಫೋನ್ ಹಾಕಿದವರಿಗೆ ಅಳು ಪಕ್ಕದಲ್ಲಿ ಕೂತವರಿಗಿಂತ ಹತ್ತಿರ ಕೇಳುತ್ತೆ, ಉಗುಳು ನುಂಗಿದ್ದೂ ಕೇಳುತ್ತೆ. ನನ್ನ ಕೈಯೂ ಲೆವೆಲ್‌ಗೇ ಹೋಗಿತ್ತು ಚಿನ್ನಿ. ಮೀಟರಿನ ಸೂಜಿ ಕೆಂಪಿಗೆ ಹೋಗಿ ದನಿ ಒಡೆದೀತು ಅಂತ.

ಅಷ್ಟೇ ಆಗಿದ್ದರೆ ಮರೆತುಬಿಡ್ತಿದ್ದೆನೇನೋ. ವಾಪಸ್ ಬಂದು ಅದನ್ನು ಕತ್ತರಿಸಿದೆ. ಸೆಕೆಂಡಿಗೆ ಏಳೂವರೆ ಇಂಚು ಓಡೋ ಟೇಪು. ಎಂಟು ಸೆಕೆಂಡಿನ ಅಳು ಅಂದರೆ ಐದು ಅಡಿ. ಬ್ಲೇಡಿನಿಂದ ಓರೆಯಾಗಿ ಎರಡು ಕಡೆ ಕೊಯ್ದು ಅಂಟಿಸಿದೆ. ತುಂಡು ನನ್ನ ಕಾಲ ಬುಡದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಪ್ರಸಾರ ಆದ ಮೇಲೆ ಆ ಊರಿಗೆ ಇನ್ನೊಮ್ಮೆ ಹೋದಾಗ ಮುದುಕಿ ಕೇಳಿದ್ದು ಒಂದೇ: 'ನಾ ಅತ್ತಿದ್ದು ಎಲ್ಲಿ ಹೋತೋ ತಮ್ಮಾ?'

ಎಲ್ಲರೂ ಹಾಗೇ ಕೇಳ್ತಾರೆ ಅಂತಲ್ಲ. ಅವ್ವನೂ ಕೇಳ್ತಾಳೋ ಇಲ್ಲವೋ. ಅಳು ಇಟ್ಟಿದ್ದರೆ ಆ ಮುದುಕಿ ಬೈತಿದ್ದಳೇನೋ, ಯಾರಿಗೆ ಗೊತ್ತು. ಆ ಸ್ಪೂಲ್ ಮೇಲೆ ಆಮೇಲೆ ಬೇರೇನೋ ರೆಕಾರ್ಡ್ ಆಯಿತು, ಹಾಡೂ ಹೋಯಿತು. ಹಾಗಾಗಿ ನಿನ್ನ ಫೈಲು ಎರಡು ಕಡೆ ಇಟ್ಟುಕೋ. ಈಗಿನ ಮಷಿನ್ ಬಗ್ಗೆ ನಾನು ಹೇಳೋದು ನಿನಗೆ ನಗು ಬರಬಹುದು.

ಕೈ ತಾನಾಗೇ ಹೋಗುತ್ತೆ. ಅದು ಕಲಿತ ಕೈ. ನನ್ನನ್ನು ಕಾಡೋದು ಆಮೇಲಿಂದು. ಹೆಡ್‌ಫೋನ್ ತೆಗೆದು ನಾನು ಆ ಮುದುಕಿಯ ಹತ್ತಿರ ಕೂರಲಿಲ್ಲ, ಬಸ್ಸಿಗೆ ಹೊತ್ತಾಯಿತು ಅಂತ ವೈರ್ ಸುತ್ತಿದೆ. ನೀನು ಕೂತೆಯಾ? ಅದನ್ನ ಬರೆದಿಲ್ಲ ನೀನು.

ರೂಮ್ ಟೋನ್ ಅಂತ ಕೊನೆಗೆ ಒಂದು ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದಷ್ಟೇ ರೆಕಾರ್ಡ್ ಮಾಡ್ತೀರಲ್ಲ, ಆ ಒಂದು ನಿಮಿಷ ಅವರ ಪಕ್ಕ ಕೂತು ಮಾಡು. ಇದು ಪಾಠದಲ್ಲಿ ಇರಲಿಕ್ಕಿಲ್ಲ.

ಕ್ಲಾಸಿನಲ್ಲಿ ಕೇಳಿಸೋ ಮುಂಚೆ ಅವ್ವನಿಗೆ ಕೇಳಿಸು. ದೀಪಾವಳಿಗೆ ಬರುವಾಗ ಫೈಲ್ ತಾ, ದೊಡ್ಡ ಹೆಡ್‌ಫೋನೂ ತಾ. ಅವ್ವನ ಎಡಗಿವಿ ಈಗ ಪೂರ್ತಿ ಮಂದ.

ನಿನ್ನ
ಮಾಮಾ