ಗುಂಡಿ ಮುಚ್ಚಿದರೆ ದುಡ್ಡಂತೆ, ಮುಚ್ಚಿದ್ದು ನೋಡೋರು ಯಾರು?

ಮಾನ್ಯ ಸಂಪಾದಕರೇ,

ರಸ್ತೆ ನಿರ್ವಹಣೆಗೆ ‘ಕಾರ್ಯಕ್ಷಮತೆ ಆಧಾರಿತ ಗುತ್ತಿಗೆ’, ಅಂದರೆ ರಸ್ತೆ ಚೆನ್ನಾಗಿದ್ದರೆ ಮಾತ್ರ ಕಂಟ್ರಾಕ್ಟರಿಗೆ ಪೂರ್ತಿ ದುಡ್ಡು ಕೊಡುವ ಪದ್ಧತಿ, ಬರಲಿದೆ ಎಂಬ ನಿಮ್ಮ ವರದಿಯನ್ನು ಇವತ್ತು ಬೆಳಗ್ಗೆ ಓದಿದೆ. ಪೇಪರ್ ಮಡಚಿಟ್ಟು ಹೊರಟು ಅರ್ಧ ಗಂಟೆ ಆಗಿರಲಿಲ್ಲ, ನಮ್ಮ ದಾವಣಗೆರೆಯ ಹದಡಿ ರಸ್ತೆಗೆ ತಿರುಗುವ ಜಾಗದಲ್ಲಿ ನನ್ನ ಸ್ಕೂಟರ್ ಗುಂಡಿಗೆ ಇಳಿಯಿತು. ಯಾವ ಗುಂಡಿ ಅಂತ ಆ ಕಡೆ ಓಡಾಡುವವರಿಗೆ ಹೇಳಬೇಕಾಗಿಲ್ಲ. ರಾತ್ರಿಯ ಮಳೆ ನೀರು ನಿಂತಿತ್ತು, ಆಳ ತಿಳಿಯಲಿಲ್ಲ. ನಾನು ದೋಸೆ ಹೋಟೆಲ್‌ಗಳಿಗೆ ಬೆಣ್ಣೆ ಹಾಕುವವನು. ಮುಂದೆ ಇಟ್ಟಿದ್ದ ಡಬ್ಬಿಯ ಮುಚ್ಚಳ ಹಾರಿ ಬೆಣ್ಣೆಯೆಲ್ಲಾ ಕೆಸರು ನೀರಿಗೆ ಬಿತ್ತು. ಅದು ಮುದ್ದೆ ಮುದ್ದೆಯಾಗಿ ತೇಲುತ್ತಿದ್ದರೆ ಪಕ್ಕದ ಅಂಗಡಿ ಹುಡುಗರು ಮೊಬೈಲಲ್ಲಿ ವಿಡಿಯೊ ಮಾಡಿಕೊಂಡರು. ಬೆಣ್ಣೆ ನಗರಿ ಅಂತ ಊರಿಗೆ ಹೆಸರಿದೆಯಲ್ಲ, ಸ್ವಾಗತ ಕಮಾನನ್ನು ಅಲ್ಲೇ ಕಟ್ಟಿಸಿಬಿಡಲಿ.

ಮೊಣಕಾಲು ತರಚಿತು, ಪ್ಯಾಂಟು ಹರಿಯಿತು, ಮುಂದಿನ ರಿಮ್ ಬೆಂಡಾಯಿತು. ಗ್ಯಾರೇಜಿನವನು ನಾಳೆ ಬನ್ನಿ ಅಂದ. ಹೋಟೆಲಿನವರು ಹಂಚು ಕಾದಿದೆ, ಬೆಣ್ಣೆ ಎಲ್ಲಿ ಅಂತ ಫೋನ್ ಮೇಲೆ ಫೋನ್. ಆಟೋ ಹಿಡಿದು ಮನೆಗೆ ಹೋಗಿ ಇನ್ನೊಂದು ಡಬ್ಬಿ ತರುವಷ್ಟರಲ್ಲಿ ಅವರು ಬೇರೆಯವರ ಹತ್ತಿರ ತರಿಸಿಕೊಂಡಾಗಿತ್ತು. ಆಟೋ ದುಡ್ಡೂ ಹೋಯಿತು.

ಇದೇ ಗುಂಡಿಯನ್ನು ಹೋದ ವಾರ ಮುಚ್ಚಿದ್ದರು. ನಾನೇ ನಿಂತು ನೋಡಿದ್ದೇನೆ. ಒಂದು ಟ್ರ್ಯಾಕ್ಟರ್ ಬಂತು. ಗುಂಡಿಯೊಳಗಿನ ನೀರನ್ನೂ ತೆಗೆಯಲಿಲ್ಲ. ಅದರ ಮೇಲೇ ಜಲ್ಲಿ ಸುರಿದರು, ಒಂದಿಷ್ಟು ಡಾಂಬರು ಚಿಮುಕಿಸಿದರು, ಸಲಿಕೆಯ ಹಿಂಬದಿಯಿಂದ ತಟ್ಟಿದರು, ಹೊರಟರು. ರೋಲರ್ ಇಲ್ವಾ ಅಂತ ಕೇಳಿದೆ. "ಬಸ್ಸು ಲಾರಿ ಓಡಾಡಿದ್ರೆ ತಾನಾಗಿ ಕೂರುತ್ತೆ ಸಾರ್" ಅಂದರು. ಗುಂಡಿಯ ಅಂಚನ್ನು ಚೌಕಾಕಾರವಾಗಿ ಕತ್ತರಿಸಬೇಕು, ಮಣ್ಣು ನೀರು ತೆಗೆದು ಒಣಗಿಸಬೇಕು, ಡಾಂಬರು ಬಳಿದು ಮಿಕ್ಸ್ ತುಂಬಿ ಗಟ್ಟಿಯಾಗಿ ಅದುಮಬೇಕು ಅನ್ನೋದು ಆ ಕೆಲಸದವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಿಲ್ ಆಗೋದು ಎಷ್ಟು ಜಲ್ಲಿ, ಎಷ್ಟು ಡಾಂಬರು, ಎಷ್ಟು ಚದರ ಮೀಟರ್ ಅನ್ನೋದರ ಮೇಲೆ. ಅಳತೆ ಪುಸ್ತಕದಲ್ಲಿ ಬರೆದರು ಅಂದರೆ ಮುಗಿಯಿತು. ಮತ್ತೆ ಗುಂಡಿ ಬಿದ್ದರೆ ಮತ್ತೆ ಜಲ್ಲಿ, ಮತ್ತೆ ಬಿಲ್. ಗುಂಡಿ ಬೀಳದಿದ್ದರೇ ಇವರಿಗೆ ನಷ್ಟ ಅಲ್ವಾ?

ಹೊಸ ಪದ್ಧತಿಯಲ್ಲಿ ಹಾಗಲ್ಲ. ಇಷ್ಟು ವರ್ಷ ಈ ರಸ್ತೆ ನಿಮ್ಮ ಜವಾಬ್ದಾರಿ, ತಿಂಗಳಿಗೆ ಇಷ್ಟು ದುಡ್ಡು, ರಸ್ತೆ ಹೇಳಿದ ಹಾಗೆ ಇಲ್ಲದಿದ್ದರೆ ದುಡ್ಡು ಕಟ್. ಜಲ್ಲಿ ಎಷ್ಟಾದರೂ ಹಾಕಿಕೊಳ್ಳಿ, ಕೇಳಲ್ಲ. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ತಾವೇ ಈಗ ಕಂಡುಹಿಡಿದವರಂತೆ ಅಧಿಕಾರಿಗಳು ನಿಮ್ಮ ವರದಿಯಲ್ಲಿ ಮಾತಾಡಿದ್ದಾರಲ್ಲ, ಅದಕ್ಕೆ ನಗು ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1988ರಲ್ಲೇ ಇದು ಶುರುವಾಗಿದೆ. ಅಷ್ಟು ದೂರ ಯಾಕೆ, ಪಂಜಾಬಿನಲ್ಲಿ ಸಂಗ್ರೂರು, ಮಾನ್ಸಾ, ಬಠಿಂಡಾ ಕಡೆಯ ಸುಮಾರು 200 ಕಿಲೋಮೀಟರ್ ರಸ್ತೆಯನ್ನು 2012ರಲ್ಲೇ ಹೀಗೆ 10 ವರ್ಷಕ್ಕೆ ಕೊಟ್ಟಿದ್ದರು. ಟೋಲ್ ಹೆದ್ದಾರಿಗಳ ಮಾದರಿ ಒಪ್ಪಂದದಲ್ಲಿ ಗುಂಡಿ ಮುಚ್ಚಲು 48 ಗಂಟೆ ಗಡುವು ಅಂತ ಬರೆದಿದೆ. ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದವರೇ 5 ವರ್ಷ ನೋಡಿಕೊಳ್ಳಬೇಕು, ಇಂಜಿನಿಯರು ಹೋಗಿ ಫೋಟೊ ತೆಗೆದು ಅಂಕ ಕೊಟ್ಟ ಮೇಲೆ ದುಡ್ಡು. ಅಂದರೆ ಜಗಳೂರು ಕಡೆಯ ಹಳ್ಳಿ ರಸ್ತೆಗೆ ಕಾಗದದಲ್ಲಾದರೂ ಒಬ್ಬ ದಿಕ್ಕಿದ್ದಾನೆ, ಸಿಟಿಯೊಳಗಿನ ನಮ್ಮ ರಸ್ತೆಗೆ ಅದೂ ಇಲ್ಲ.

ಸರಿ, ಇಲ್ಲಿ ಅಂಕ ಕೊಡೋರು ಯಾರು? ಸಲಿಕೆ ಕೆಲಸಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ ಅದೇ ಸಾಹೇಬರಾ? ಹಾಗಾದರೆ ಬೆಣ್ಣೆ ಕಾಯೋಕೆ ಬೆಕ್ಕನ್ನು ಕೂರಿಸಿದ ಹಾಗಾಯಿತು. ಈಗ ಬಿಲ್ ಒಂದೊಂದು ಗುಂಡಿಗೆ ಆಗುತ್ತಿದೆ, ಆಗ ಸುಮ್ನೆ ತಿಂಗಳು ತಿಂಗಳು ಸಂಬಳದ ಥರ ಆಗುತ್ತೆ, ಅಷ್ಟೇ ವ್ಯತ್ಯಾಸ. ಇನ್ನೊಂದು, ನೀರಿನ ಪೈಪಿನವರು, ಗ್ಯಾಸ್ ಪೈಪಿನವರು, ಕೇಬಲ್‌ನವರು ಅಗೆದು ಹೋದ ಗುಂಡಿ ಯಾರ ಲೆಕ್ಕಕ್ಕೆ? ಇದು ನಮ್ಮ ಗುಂಡಿಯಲ್ಲ ಅಂತ ಕಂಟ್ರಾಕ್ಟರ್ ಕೈ ಎತ್ತುತ್ತಾನೆ ನೋಡ್ತಾ ಇರಿ. ಚರಂಡಿ ಕೆಲಸ ಬೇರೆಯವರಿಗೆ, ಡಾಂಬರು ಬೇರೆಯವರಿಗೆ ಕೊಟ್ಟರೂ ಅಷ್ಟೇ. ನೀರು ನಿಲ್ಲೋ ಕಡೆ ಯಾವ ಡಾಂಬರೂ ಉಳಿಯಲ್ಲ.

ಸ್ಮಾರ್ಟ್ ಸಿಟಿ ಆದಾಗಲೂ ಹೀಗೇ ದೊಡ್ಡ ಮಾತು. 2016ರಲ್ಲಿ ದೇಶದ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಬಂದಾಗ ನಾವೂ ಹಿಗ್ಗಿದ್ದೆವು. ಈಗ ನಮ್ಮ ಬೀದಿಯ ದೀಪ ಹಗಲು ಉರಿಯುತ್ತೆ, ರಾತ್ರಿ ಮಲಗುತ್ತೆ. ದೂರು ಕೊಡಲು ಹೋದರೆ ಸಾಹೇಬರು ಯಾವಾಗಲೂ ಮೀಟಿಂಗ್. ಅಪ್ಪ ತೀರಿಕೊಂಡ ಮೇಲೆ ಮನೆ ಖಾತೆ ಬದಲಾವಣೆಗೆ ಅಲೆದಾಗಲೂ ಇದೇ ಮೀಟಿಂಗ್, ಬಹುಶಃ ಇನ್ನೂ ಮುಗಿದಿಲ್ಲ. ಅದೇ ಒಬ್ಬ ಮಂತ್ರಿ ಬರುತ್ತಾರೆ ಅಂದರೆ ರಾತ್ರೋರಾತ್ರಿ ರೋಲರ್ ಎಲ್ಲಿಂದ ಬರುತ್ತೋ! ಮಂತ್ರಿಗಳು ಹೋಗೋ ದಾರಿಗೆ ಮಾತ್ರ, ತಿರುವಿನ ಆಚೆಗೆ ಒಂದು ಪುಟ್ಟಿ ಜಲ್ಲಿಯೂ ಬೀಳಲ್ಲ.

ಆದ್ದರಿಂದ ಹೊಸ ಗುತ್ತಿಗೆ ಮಾಡುವುದಾದರೆ ಬೇಗ ಮಾಡಲಿ, ಇಲ್ಲದಿದ್ದರೆ ಹಳೆಯದನ್ನೇ ನೆಟ್ಟಗೆ ಮಾಡಲಿ. ಕಂಟ್ರಾಕ್ಟರ್ ಹೆಸರು, ಫೋನ್ ನಂಬರಿನ ಬೋರ್ಡ್ ಹಾಕಲಿ, ಪಕ್ಕದಲ್ಲೇ ಸಹಿ ಹಾಕಿದ ಇಂಜಿನಿಯರದ್ದೂ ಇರಲಿ. ಚರಂಡಿಯನ್ನೂ ನೋಡಲಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಲಿ ಅಂತ ಬರೆಯಬೇಕು, ಆದರೆ ಆ ಸಂಬಂಧಪಟ್ಟವರು ಯಾರು ಅಂತ ಇಷ್ಟು ವರ್ಷವಾದರೂ ನಮಗೆ ಗೊತ್ತಾಗಿಲ್ಲ. ಯಾರಾದರೂ ಸರಿ, ಸಂಬಳ ತಗೊಳ್ಳೋ ಒಬ್ಬರು ಎ.ಸಿ. ಕಾರಿಂದ ಇಳಿದು, ಮಳೆ ಬಂದ ಮಾರನೇ ದಿನ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಈ ರಸ್ತೆಯಲ್ಲಿ ಸ್ಕೂಟರ್ ಓಡಿಸಲಿ. ನಾಚಿಕೆ ಅನ್ನೋದು ಸ್ವಲ್ಪನಾದರೂ ಇದ್ದರೆ.

– ಒಬ್ಬ ಓದುಗ, ನಿಟ್ಟುವಳ್ಳಿ, ದಾವಣಗೆರೆ